ಗೊತ್ತಿಲ್ಲ ಅಂದವಳು

ನನ್ನ ಬಾಯಿ ಸರಿಯಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು, ನಾನೇನು ಇಲ್ಲ ಅನ್ನುವುದಿಲ್ಲ. ಕ್ಯಾಂಟೀನಿನವನಿಂದ ಹಿಡಿದು ಸೂಪರಿಂಟೆಂಡೆಂಟರವರೆಗೆ ಯಾರನ್ನೂ ಬಿಟ್ಟವಳಲ್ಲ. ಆದರೆ ಈ ಸಲ ನಾನು ಬೈಯಲೂ ಇಲ್ಲ, ಕೂಗಲೂ ಇಲ್ಲ. ಒಂದೇ ಒಂದು ಮಾತು ಆಡಿದೆ. ಅದಕ್ಕೆ ಅರ್ಧ ಆಸ್ಪತ್ರೆ ನನ್ನ ಮೇಲೆ ಮುರಿದುಕೊಂಡು ಬಿತ್ತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಮೆದುಳಿನ ಆಪರೇಷನ್ ನಡೆಯುವ ಥಿಯೇಟರಿನಲ್ಲಿ ನಾನು ನರಗಳ ಕಾವಲು ಕಾಯುವವಳು. ರೋಗಿಗೆ ಅರಿವು ತಪ್ಪಿಸಿದ ಮೇಲೆ ಕಣ್ಣಿನ ಪಕ್ಕ, ತುಟಿಯ ಪಕ್ಕ, ಗಲ್ಲದ ಮೇಲೆ ಕೂದಲಿನಷ್ಟು ತೆಳ್ಳಗಿನ ಸೂಜಿ ಚುಚ್ಚುತ್ತೇನೆ. ಸೂಜಿಯ ತಂತಿಗಳು ನನ್ನ ಯಂತ್ರಕ್ಕೆ ಬರುತ್ತವೆ. ಡಾಕ್ಟರ ಕೈಯಲ್ಲಿರುವ ಸಲಾಕೆ ತಲೆಯೊಳಗೆ ಮುಖದ ನರಕ್ಕೆ ತಾಗಿದರೆ ಹೊರಗೆ ಆ ಮುಖದ ಸ್ನಾಯು ಅದುರುತ್ತದೆ, ಯಂತ್ರ ಟಕಟಕ ಎನ್ನುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಹತ್ತೊಂಬತ್ತು ವರ್ಷದಿಂದ ಅದೇ ಮೂಲೆ, ಅದೇ ಸ್ಟೂಲು. ಎಲ್ಲರೂ ತಂತಿಯಮ್ಮ ಎಂದೇ ಕರೆಯುತ್ತಾರೆ. ನನ್ನ ಗಂಡನ ಬಾಯಲ್ಲೂ ಈಗ ಅದೇ ಬರುತ್ತದೆ.

ನಮ್ಮ ದೊಡ್ಡ ಡಾಕ್ಟರ ಕೈ ಬೆಣ್ಣೆಯಲ್ಲಿ ಕೂದಲು ತೆಗೆಯುವ ಕೈ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ ಹೇಳುತ್ತೇನೆ. ಆದರೆ ಅವರಿಗೊಂದು ಹಟ. ಗಡ್ಡೆಯನ್ನು ಪೂರ್ತಿ ತೆಗೆಯಬೇಕು, ಒಂದು ಚೂರು ಬಿಟ್ಟರೂ ಅದು ಅವರಿಗೆ ಸೋಲು. ಅವರ ಕೋಣೆಯ ಗೋಡೆಯ ತುಂಬ ಆಪರೇಷನ್ನಿಗೆ ಮುಂಚಿನ, ಆಮೇಲಿನ ಸ್ಕ್ಯಾನ್ ಚಿತ್ರಗಳು. ಚೂರು ಉಳಿದ ಒಂದು ಚಿತ್ರವನ್ನೂ ಅಲ್ಲಿ ತೂಗುಹಾಕಿಲ್ಲ. ಅವರ ಥಿಯೇಟರಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಗಡ್ಡೆಯ ಮೇಲೆ ಎಲ್ಲಿ ಕತ್ತರಿ ಹಾಕಬೇಕೋ ಅಲ್ಲಿಗೆ ಮೊದಲು ಸಲಾಕೆಯಿಂದ ಸಣ್ಣ ಕರೆಂಟು ಮುಟ್ಟಿಸಿ "ಇದೆಯಾ?" ಎಂದು ಕೇಳುತ್ತಾರೆ. ಅಲ್ಲಿ ನರ ಇದ್ದರೆ ಯಂತ್ರ ಬಡಿದುಕೊಳ್ಳುತ್ತದೆ, ನಾನು "ಇದೆ" ಅನ್ನಬೇಕು. ಬಡಿದುಕೊಳ್ಳದಿದ್ದರೆ "ಇಲ್ಲ". ಇಲ್ಲ ಅಂದ ಮರುಕ್ಷಣ ಕತ್ತರಿ. ಎರಡೇ ಉತ್ತರ. ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಹೇಳಿದ್ದರು, ಈ ಥಿಯೇಟರಿನಲ್ಲಿ ಗೊತ್ತಿಲ್ಲ ಅನ್ನುವ ಮಾತಿಲ್ಲ, ಗೊತ್ತಿಲ್ಲದವರಿಗೆ ಇಲ್ಲಿ ಸ್ಟೂಲೂ ಇಲ್ಲ ಎಂದು.

ಆ ಹೆಂಗಸು ಬಂದದ್ದು ಒಂದು ಮಂಗಳವಾರ. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು, ವಯಸ್ಸು ಐವತ್ತೆರಡು. ಜೊತೆಗೆ ತಂಗಿ, ಅಕ್ಕನ ಚೀಲ ಹೊತ್ತುಕೊಂಡು ಅಕ್ಕನಿಗಿಂತ ಹೆಚ್ಚು ಹೆದರಿದ್ದವಳು. ಎಡಕಿವಿಯ ಹಿಂದೆ, ತಲೆಬುರುಡೆಯ ತಳದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆಯುವ ಜಾತಿ. ಆದರೆ ಆ ಕಿವಿಯನ್ನು ಆಗಲೇ ನುಂಗಿತ್ತು, ಈಗ ಮೆದುಳನ್ನೇ ಪಕ್ಕಕ್ಕೆ ಒತ್ತುತ್ತಿತ್ತು. ನಡೆದರೆ ಓಲಾಡುತ್ತಿದ್ದರು. ಮಾರುಕಟ್ಟೆಯಲ್ಲಿ ಬೆಳಿಗ್ಗೆಯೇ ಕುಡಿದು ಬರ್ತಾಳೆ ಎಂದು ಆಡಿಕೊಂಡಿದ್ದರಂತೆ. ಆಡಿಕೊಂಡವರಿಗೆಲ್ಲ ಸ್ಕ್ಯಾನ್ ಚಿತ್ರ ತೋರಿಸಿಕೊಂಡೇ ಆಸ್ಪತ್ರೆಗೆ ಬಂದಿದ್ದರು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾನು ಅವರ ಮಂಚದ ಬಳಿ ಹೋಗಿ, ಎಲ್ಲೆಲ್ಲಿ ಸೂಜಿ ಹಾಕುತ್ತೇನೆ ಎಂದು ವಿವರಿಸಿದೆ. ಮುಖದ ನರ ಈ ಗಡ್ಡೆಗೆ ಅಂಟಿಕೊಂಡೇ ಇರುತ್ತದೆ, ಎಲ್ಲಿ ಅಂಟಿದೆ ಎಂದು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೇ ನನ್ನ ಯಂತ್ರ ಎಂದೆ. ನರ ತುಂಡಾದರೆ ಏನಾಗುತ್ತದೆ ಎಂದು ಕೇಳಿದರು. ಮುಚ್ಚಿಡುವುದು ನನಗೆ ಬರುವುದಿಲ್ಲ. ಆ ಕಡೆ ಕಣ್ಣು ಮುಚ್ಚಲು ಆಗುವುದಿಲ್ಲ, ಬಾಯಿ ಒಂದು ಕಡೆ ಜೋತುಬೀಳುತ್ತದೆ, ಮಾತು ಸೋರುತ್ತದೆ ಎಂದೆ. ತಂಗಿ ಅಳಲು ಶುರುಮಾಡಿದಳು. ಅಕ್ಕ ಅವಳನ್ನು ನೀರು ತರಲು ಓಡಿಸಿ ನನ್ನ ಕಡೆ ತಿರುಗಿದರು.

"ನೋಡಮ್ಮ, ಕಿವಿ ಹೋಯ್ತು, ಹೋಗ್ಲಿ. ಇನ್ನೊಂದಿದೆ. ಆದ್ರೆ ನಾನು ಅನ್ನ ತಿನ್ನೋದು ಈ ಬಾಯಿಂದ. ಒಂದು ಉಸಿರಿಗೆ ಮೂವತ್ತು ಬೆಲೆ ಕೂಗ್ತೀನಿ, ಒಂದಕ್ಷರ ಜಾರಿದ್ರೂ ಹರಾಜು ಅಲ್ಲೇ ಮುರೀತು. ಬಾಯಿ ಸೊಟ್ಟ ಆದ್ರೆ ನಾಳೆನೇ ನನ್ನ ಜಾಗದಲ್ಲಿ ಇನ್ನೊಬ್ಬ ನಿಂತಿರ್ತಾನೆ. ಗಡ್ಡೆ ಬೇಕಾದ್ರೆ ಒಂದಿಷ್ಟು ಅಲ್ಲೇ ಇರ್ಲಿ, ನನ್ನ ಮುಖ ಮಾತ್ರ ಮುಟ್ಟಬೇಡಿ. ನಿಮ್ಮ ದೊಡ್ಡೋರಿಗೆ ಹೇಳಿದೆ, ಅವ್ರು ಎಲ್ಲ ತೆಗೀತೀನಿ ಅಂತ ನಗ್ತಾರೆ."

ನಾನು ಮಾತು ಕೊಡುವವಳಲ್ಲ. ಥಿಯೇಟರಿನಲ್ಲಿ ಕೊಟ್ಟ ಮಾತಿಗೆ ಬೆಲೆಯೇ ಇಲ್ಲ, ಒಳಗೆ ಏನಿದೆಯೋ ತೆರೆದ ಮೇಲೇ ಗೊತ್ತು. ಆದರೂ ಅವತ್ತು ಬಾಯಿ ತಪ್ಪಿ, ನಾನು ಕಾಯ್ತೀನಿ ಅಕ್ಕ ಎಂದುಬಿಟ್ಟೆ.

ಮಾರನೆಯ ದಿನ ಎಂಟಕ್ಕೆ ಶುರುವಾಯಿತು. ನಮ್ಮ ಅರಿವಳಿಕೆ ಡಾಕ್ಟರು ನಿದ್ದೆ ಕೊಟ್ಟರು. ನಮ್ಮ ಥಿಯೇಟರಿನಲ್ಲಿ ನಿದ್ದೆಯ ಲೆಕ್ಕವೇ ಬೇರೆ. ಬೇರೆ ಕಡೆ ರೋಗಿ ಅಲುಗದಿರಲಿ ಎಂದು ಮೈಯ ಸ್ನಾಯುಗಳನ್ನು ಸಡಿಲಿಸುವ ಔಷಧಿಯನ್ನು ಅರ್ಧ ಗಂಟೆಗೊಮ್ಮೆ ಕೊಡುತ್ತಿರುತ್ತಾರೆ. ನಮ್ಮಲ್ಲಿ ಗಂಟಲಿಗೆ ಕೊಳವೆ ಹಾಕುವಾಗ ಒಮ್ಮೆ ಕೊಟ್ಟರೆ ಮುಗಿಯಿತು, ಮತ್ತೆ ಮುಟ್ಟುವ ಹಾಗಿಲ್ಲ. ಕೊಟ್ಟರೆ ನರಕ್ಕೆ ಬರೆ ಎಳೆದರೂ ಸ್ನಾಯು ಅದುರುವುದಿಲ್ಲ, ನನ್ನ ಯಂತ್ರ ಕಿವುಡಾಗುತ್ತದೆ. ಇದು ನಮಗೆಲ್ಲ ಎಷ್ಟು ರೂಢಿಯೆಂದರೆ ಒಬ್ಬರಿಗೊಬ್ಬರು ಹೇಳುವುದೂ ಇಲ್ಲ. ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತೇವೆ, ಅಷ್ಟೆ.

ಹತ್ತೂವರೆಗೆ ದೊಡ್ಡ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಗಡ್ಡೆಯ ಒಳಗನ್ನು ತೋಡಿ ತೋಡಿ ಖಾಲಿ ಮಾಡಿದ್ದರು. ಉಳಿದಿದ್ದು ಸಿಪ್ಪೆ. ಅಪಾಯ ಇರುವುದೇ ಸಿಪ್ಪೆಯಲ್ಲಿ, ನರ ಅಂಟಿರುವುದು ಅದಕ್ಕೆ. ಯಂತ್ರ ಆಗಾಗ ಚರಚರ ಅನ್ನುತ್ತಲೇ ಇತ್ತು. ನಿನ್ನ ಕೋಳಿ ಇವತ್ತು ಯಾಕಮ್ಮ ಇಷ್ಟು ಕೆದಕ್ತಿದೆ ಎಂದು ಅವರು ತಮಾಷೆ ಮಾಡಿದರು. ಕೋಳಿ ಕೂಗದಿದ್ದರೆ ನಿಮಗೆ ಬೆಳಗಾಗಲ್ಲ ಸರ್ ಎಂದೆ. ಎಲ್ಲರೂ ನಕ್ಕರು.

ಹನ್ನೊಂದು ಇಪ್ಪತ್ತಕ್ಕೆ ನಮ್ಮ ಅರಿವಳಿಕೆ ಡಾಕ್ಟರಿಗೆ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಲು ಬಿಡುವು. ಅವರ ಬದಲಿಗೆ ಮೂಳೆ ಥಿಯೇಟರಿನ ಹಿರಿಯ ಅರಿವಳಿಕೆ ಡಾಕ್ಟರು ಬಂದು ಕೂತರು. ಇಪ್ಪತ್ತೈದು ವರ್ಷ ಅನುಭವ ಇದ್ದವರು, ಕೆಟ್ಟವರಲ್ಲ. ನಮ್ಮವರು ಹೋಗುವ ಮುಂಚೆ ರಕ್ತದೊತ್ತಡ ಹೇಳಿದರು, ಎಷ್ಟು ದ್ರವ ಹೋಗಿದೆ ಹೇಳಿದರು, ಮೂತ್ರ ಎಷ್ಟು ಹೇಳಿದರು. ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ಆ ಒಂದನ್ನು ಮಾತ್ರ ಹೇಳಲಿಲ್ಲ. ಕೆಂಪಕ್ಷರದ ಬೋರ್ಡಿನ ಮುಂದೆ ಆ ಹೊತ್ತಿಗೆ ಯಾರೋ ಸಾಮಾನಿನ ಗಾಡಿ ತಂದು ನಿಲ್ಲಿಸಿದ್ದರು. ಐದು ನಿಮಿಷಕ್ಕೆ ರೋಗಿಯ ಭುಜ ಒಂಚೂರು ಅಲುಗಿತು. ಮೂಳೆ ಥಿಯೇಟರಿನಲ್ಲಿ ಅಲುಗಿದರೆ ಏನು ಮಾಡುತ್ತಾರೋ ಅವರೂ ಅದನ್ನೇ ಮಾಡಿದರು. ಕೈ ತಾನಾಗಿಯೇ ಹೋಯಿತು, ಔಷಧಿ ಒಳಗೆ ಹೋಯಿತು. ನಾನು ಪರದೆ ನೋಡುತ್ತಿದ್ದೆ, ಅವರನ್ನಲ್ಲ.

ಯಂತ್ರ ತಣ್ಣಗಾಯಿತು. ಅಬ್ಬಾ, ಕೋಳಿ ಮಲಗಿತು ಎಂದರು ದೊಡ್ಡ ಡಾಕ್ಟರು, ಖುಷಿಯಲ್ಲಿ. ಸಲಾಕೆ ಮುಟ್ಟಿಸಿ "ಇದೆಯಾ?" ಎಂದರು. ಗೆರೆ ನೆಟ್ಟಗಿತ್ತು. "ಇಲ್ಲ" ಎಂದೆ. ಕತ್ತರಿಸಿದರು. ಇನ್ನೊಂದು ಕಡೆ ಮುಟ್ಟಿಸಿದರು. "ಇಲ್ಲ" ಎಂದೆ. ಮತ್ತೆ ಕತ್ತರಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರ ಸಾಲಿನಲ್ಲಿ ನಾನೂ ಇದ್ದೆ. 

ಆಮೇಲೆ ಸಹಾಯಕ ಡಾಕ್ಟರು ಜಾಗ ತೊಳೆಯಲು ತಣ್ಣನೆಯ ನೀರು ಬಿಟ್ಟರು. ತಣ್ಣೀರು ಬಿದ್ದರೆ ನರ ಒಂದು ಕ್ಷಣ ಸಿಡಿಮಿಡಿಗೊಳ್ಳುತ್ತದೆ, ಯಂತ್ರ ಚರ್ರ್ ಎನ್ನುತ್ತದೆ. ಬೆಳಿಗ್ಗೆಯಿಂದ ಪ್ರತಿ ಸಲವೂ ಎಂದಿತ್ತು. ಈಗ ಅನ್ನಲಿಲ್ಲ. ತಂತಿ ಕಿತ್ತುಬಂದಿದೆಯೇ ನೋಡಿದೆ, ಇಲ್ಲ. ಯಂತ್ರ ಕೆಟ್ಟಿದೆಯೇ, ಇಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ಸಿಪ್ಪೆಯ ಮುಂಭಾಗಕ್ಕೆ ಬಂದಿದ್ದರು. ಸಲಾಕೆ ಮುಟ್ಟಿಸಿದರು. ಬಲಗೈ ಆಗಲೇ ಕತ್ತರಿಗೆ ಚಾಚಿತ್ತು.

"ಇದೆಯಾ?"

"ಗೊತ್ತಿಲ್ಲ."

ಕತ್ತರಿ ಕೊಡುತ್ತಿದ್ದ ನರ್ಸಿನ ಕೈ ಅಲ್ಲೇ ನಿಂತಿತು. ಏನಂದೆ ಎಂದರು ದೊಡ್ಡ ಡಾಕ್ಟರು, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ. ಗೊತ್ತಿಲ್ಲ ಅಂದೆ ಸರ್ ಎಂದೆ. ಗೆರೆ ಎದ್ದಿದೆಯಾ ಇಲ್ಲವಾ ಎಂದು ಕೇಳಿದರು. ಎದ್ದಿಲ್ಲ, ಆದರೆ ನರ ಇಲ್ಲದ್ದಕ್ಕೆ ಎದ್ದಿಲ್ಲವೋ ಯಂತ್ರ ಕಿವುಡಾಗಿ ಎದ್ದಿಲ್ಲವೋ ನನಗೆ ಗೊತ್ತಿಲ್ಲ, ಒಂದು ನಿಮಿಷ ಕೊಡಿ ಎಂದೆ. ಅವರು ಕೆಂಡವಾದರು. ಹತ್ತೊಂಬತ್ತು ವರ್ಷ ಸ್ಟೂಲ್ ಸವೆಸಿದ್ದೀಯ, ಒಂದು ಗೆರೆ ಓದಲು ಬರುವುದಿಲ್ಲವೇ, ತಲೆ ತೆರೆದಿಟ್ಟು ನಿನ್ನ ಧ್ಯಾನಕ್ಕೆ ಕಾಯಬೇಕೇ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ, ತೆರೆದ ತಲೆಗೆ ಪ್ರತಿ ನಿಮಿಷವೂ ಅಪಾಯ. ಕೊನೆಗೆ ದನಿ ತಗ್ಗಿಸಿದರು. ಅವರ ತಗ್ಗಿದ ದನಿಗೆ ನಾವೆಲ್ಲ ಹೆದರುವುದು.

"ಇದೆ ಅನ್ನು, ಇಲ್ಲ ಅನ್ನು. ಎರಡರಲ್ಲಿ ಒಂದು."

ನಾನು ಸ್ಟೂಲಿನಿಂದ ಎದ್ದು ನಿಂತೆ. ಕಡ್ಡಿ ಮುರಿದ ಹಾಗೆ ಹೇಳಿದೆ. "ಎರಡೂ ಅನ್ನಲ್ಲ ಸರ್. ಕತ್ತರಿಸೋದಾದ್ರೆ ನೀವೇ ಕತ್ತರಿಸಿ, ನನ್ನ ಮಾತಿನ ಮೇಲೆ ಬೇಡ. ಹನ್ನೊಂದು ಮೂವತ್ತೆಂಟಕ್ಕೆ ನಿಲ್ಲಿ ಅಂದೆ ಅಂತ ಬರೀತಿದ್ದೀನಿ."

ಬರೆದೂ ಬರೆದೆ. ಆಮೇಲೆ ರೋಗಿಯ ಮಣಿಕಟ್ಟಿಗೆ ಮೊದಲೇ ಅಂಟಿಸಿದ್ದ ಪಟ್ಟಿಯಿಂದ ನಾಲ್ಕು ಸಲ ಕರೆಂಟು ಕೊಟ್ಟೆ. ಸ್ನಾಯುಗಳು ಎಚ್ಚರ ಇದ್ದರೆ ಹೆಬ್ಬೆರಳು ನಾಲ್ಕು ಸಲ ಕುಣಿಯಬೇಕು. ಹೊದಿಕೆ ಎತ್ತಿ ಹಿಡಿದು ಎಲ್ಲರೂ ನೋಡಲಿ ಎಂದು ಮತ್ತೆ ಕೊಟ್ಟೆ. ಹೆಬ್ಬೆರಳು ಮರದ ತುಂಡಿನ ಹಾಗೆ ಬಿದ್ದಿತ್ತು.

ಮೂಳೆ ಥಿಯೇಟರಿನವರು ಎದ್ದು ನಿಂತರು. ನಾನು ಕೊಟ್ಟೆ, ಹನ್ನೊಂದು ಇಪ್ಪತ್ತೈದಕ್ಕೆ, ಕೊಡಬಾರದು ಅಂತ ನನಗೆ ಯಾರೂ ಹೇಳಲಿಲ್ಲ ಎಂದರು. ಯಾರೂ ಹೇಳಿರಲಿಲ್ಲ, ನಿಜ. ಗಾಡಿ ಸರಿಸಿದರೆ ಹಿಂದೆ ಕೆಂಪಕ್ಷರ ಕಾಣುತ್ತಿತ್ತು, ಅದೂ ನಿಜ.

ಔಷಧಿ ಇಳಿಯುವವರೆಗೆ ಕಾಯದೆ ದಾರಿಯಿರಲಿಲ್ಲ. ಗಡ್ಡೆಯ ಮೇಲೆ ಒದ್ದೆ ಹತ್ತಿ ಮುಚ್ಚಿ ಇಪ್ಪತ್ತಾರು ನಿಮಿಷ ಕೂತೆವು. ದೊಡ್ಡ ಡಾಕ್ಟರು ಕೈ ಕಟ್ಟಿಕೊಂಡು ಗೋಡೆ ನೋಡುತ್ತಿದ್ದರು. ನಾನು ಎರಡು ನಿಮಿಷಕ್ಕೊಮ್ಮೆ ಹೆಬ್ಬೆರಳು ಪರೀಕ್ಷಿಸುತ್ತಿದ್ದೆ. ಮೊದಲು ಒಂದು ಸಲ ಅಲುಗಿತು, ಆಮೇಲೆ ಎರಡು, ಕೊನೆಗೆ ನಾಲ್ಕೂ. ಈಗ ಮುಟ್ಟಿಸಿ ಸರ್ ಎಂದೆ.

ಅದೇ ಜಾಗಕ್ಕೆ ಮುಟ್ಟಿಸಿದರು. ಯಂತ್ರ ಹೇಗೆ ಬಡಿದುಕೊಂಡಿತು ಅಂದರೆ ನರ್ಸ್ ಬೆಚ್ಚಿದಳು. ಕಣ್ಣು, ತುಟಿ, ಗಲ್ಲ, ಮೂರೂ ಗೆರೆ ಒಟ್ಟಿಗೆ ಎದ್ದವು. ಮುಖದ ನರ ಅಲ್ಲೇ ಇತ್ತು. ಗಡ್ಡೆ ತಳ್ಳಿ ತಳ್ಳಿ ಅದು ತೆಳ್ಳಗಿನ ಒದ್ದೆ ಬಟ್ಟೆಯ ಹಾಗೆ ಸಿಪ್ಪೆಯ ಮೇಲೆ ಹರಡಿಕೊಂಡಿತ್ತು, ಕಣ್ಣಿಗೆ ಸಿಪ್ಪೆಯಂತೆಯೇ ಕಾಣುತ್ತಿತ್ತು. ನಾನು ಮೂರನೆಯ ಸಲವೂ ಇಲ್ಲ ಅಂದಿದ್ದರೆ ಕತ್ತರಿ ಅದರ ನಡುವೆ ಹೋಗುತ್ತಿತ್ತು. ಮುಂದಿನ ಎರಡು ಗಂಟೆ ದೊಡ್ಡ ಡಾಕ್ಟರು ಮಾಡಿದ ಕೆಲಸಕ್ಕೆ ಕೈ ಮುಗಿಯಬೇಕು. ನರಕ್ಕೆ ಅಂಟಿದ್ದ ಅಕ್ಕಿಕಾಳಿನಷ್ಟು ಚೂರನ್ನು ಅಲ್ಲೇ ಬಿಟ್ಟರು. ಆದರೆ ಕೊನೆಯಲ್ಲಿ ನರವನ್ನು ಪರೀಕ್ಷಿಸಿದಾಗ ಬೆಳಿಗ್ಗೆಗಿಂತ ಎರಡರಷ್ಟು ಕರೆಂಟು ಕೊಟ್ಟ ಮೇಲೆ ಗೆರೆ ಎದ್ದಿತು. ನನ್ನ ಎರಡು ಇಲ್ಲಗಳ ಹೊತ್ತಿನಲ್ಲಿ ಅದಕ್ಕೆ ಎಷ್ಟು ಪೆಟ್ಟು ಬಿದ್ದಿತ್ತೋ, ಮುಖ ಉಳಿಯಿತೋ ಇಲ್ಲವೋ, ಅವರು ಎದ್ದ ಮೇಲೇ ತಿಳಿಯಬೇಕು.

ಸಂಜೆ ನನಗೆ ಕರೆ ಬಂತು. ನನ್ನ ವರದಿಯ ಮೇಲೆ ದೊಡ್ಡ ಡಾಕ್ಟರ ಸಹಿ ಬೇಕು. ಅವರು ಅದನ್ನು ನನ್ನ ಕಡೆ ತಳ್ಳಿದರು. ಉದ್ದಕ್ಕೂ ನಿಗಾ ಇತ್ತು, ನರ ಉಳಿದಿದೆ ಎಂದು ಬರೆದರೆ ಸಾಕು, ಯಂತ್ರ ಕಿವುಡಾಗಿದ್ದ ಆ ಹದಿಮೂರು ನಿಮಿಷದ ಪುರಾಣ ಯಾಕೆ ಎಂದರು. ಅದು ಪುರಾಣ ಅಲ್ಲ ಸರ್, ನಡೆದದ್ದು ಎಂದೆ. ನೀನೇ ಎರಡು ಸಲ ಇಲ್ಲ ಅಂದಿದ್ದೀಯ, ಅದನ್ನೂ ಬರೆದುಕೊಂಡಿದ್ದೀಯ, ನಾಳೆ ಮುಖ ಹೋಗಿದ್ದರೆ ಮೊದಲು ನಿನ್ನನ್ನೇ ಹಿಡಿಯುತ್ತಾರೆ ಎಂದರು. ಬೆದರಿಕೆಯೋ ಕಾಳಜಿಯೋ, ಎರಡೂ ಇದ್ದೀತು. ಹಿಡಿಯಲಿ ಎಂದೆ. ಸೂಪರಿಂಟೆಂಡೆಂಟ್ ಕೂಡ ಕರೆಸಿ ಉಪದೇಶ ಮಾಡಿದರು. ತಲೆ ಮೇಲೆ ತಲೆ ಬಿದ್ದರೂ ಒಂದಕ್ಷರ ತೆಗೆಯಲ್ಲ ಎಂದೆ. ಮರುದಿನ ಥಿಯೇಟರ್ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕೆಳಗೆ ಹೊರರೋಗಿಗಳ ಕೋಣೆಯಲ್ಲಿ ಜೋಮು ಹಿಡಿದ ಕೈಕಾಲುಗಳಿಗೆ ಪರೀಕ್ಷೆ ಮಾಡುವ ಕೆಲಸ ಕೊಟ್ಟರು.

ಕೆಳಗೆ ಕೂತರೂ ಮನಸ್ಸು ಮೇಲೇ. ತೀವ್ರ ನಿಗಾ ಘಟಕದೊಳಗೆ ನನ್ನನ್ನು ಬಿಡಲಿಲ್ಲ. ಕೇಳಿದರೆ ಒಬ್ಬಳು ನರ್ಸ್ ಮುಖ ಸರಿಯಿದೆ ಅಂದಳು, ಇನ್ನೊಬ್ಬಳು ನೋಡಿದವರು ಯಾರು ಅಂದಳು. ಆಮೇಲೆ ತಂಗಿ ಸಿಕ್ಕಿ ವಿಷಯ ಹೇಳಿದಳು. ಎಚ್ಚರವಾದಾಗಿನಿಂದ ಅಕ್ಕ ಕಣ್ಣಿನಿಂದ ತುಟಿಯವರೆಗೆ ಮುಚ್ಚುವ ಹಾಗೆ ಎಡಗೆನ್ನೆಯ ಮೇಲೆ ಕೈ ಒತ್ತಿ ಹಿಡಿದಿದ್ದಾರಂತೆ. ಹಲ್ಲು ತೋರಿಸಿ, ಕಣ್ಣು ಮುಚ್ಚಿ ಎಂದು ಡಾಕ್ಟರುಗಳು ಎಷ್ಟು ಕೇಳಿದರೂ ಇಲ್ಲ. ಆಪರೇಷನ್ ಯಾಕೆ ತಡ ಆಯಿತು ಎಂದು ತಂಗಿ ಅವತ್ತು ನಾಲ್ಕು ಜನರನ್ನು ಕೇಳಿದ್ದಳು, ನಾಲ್ವರೂ ನಾಲ್ಕು ಕಥೆ ಹೇಳಿದ್ದರು. ಅದು ಅಕ್ಕನ ಕಿವಿಗೆ ಬಿದ್ದಿತ್ತು. ಒಳಗೆ ಏನಾಯ್ತು ಅಂತ ನಿಜ ಹೇಳಿ, ಆಮೇಲೆ ಮುಖ ತೋರಿಸ್ತೀನಿ ಎಂದು ಕೂತಿದ್ದರು.

ಮೂರನೆಯ ದಿನ ಅವರನ್ನು ವಾರ್ಡಿಗೆ ತಂದರು. ದೊಡ್ಡ ಡಾಕ್ಟರು ಏಳೆಂಟು ಜನ ಕಿರಿಯರನ್ನು ಕಟ್ಟಿಕೊಂಡು ಬರುವ ಹೊತ್ತಿಗೆ ನಾನೂ ವರದಿ ಹಿಡಿದು ಹೋಗಿ ಮಂಚದ ಕಾಲ ಬಳಿ ನಿಂತೆ. ಯಾರೂ ಕರೆದಿರಲಿಲ್ಲ. ಆಕೆ ದಿಂಬಿಗೆ ಒರಗಿದ್ದರು, ತಲೆಗೆ ಬ್ಯಾಂಡೇಜು, ಕೆನ್ನೆಯ ಮೇಲೆ ಅಂಗೈ. ದೊಡ್ಡ ಡಾಕ್ಟರು ಮೆತ್ತಗೆ ಮಾತಾಡಿದರು. ಎಲ್ಲ ಚೆನ್ನಾಗಿ ಆಗಿದೆ, ಒಂದು ಸಣ್ಣ ಚೂರನ್ನು ಮಾತ್ರ ನಾನೇ ಯೋಚಿಸಿ ಬಿಟ್ಟಿದ್ದೇನೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ, ಈಗ ಕೈ ತೆಗೆಯಿರಿ ಎಂದರು. ಆಕೆ ಅವರನ್ನು ನೋಡಲಿಲ್ಲ. ತುಟಿ ಹೆಚ್ಚು ಅಲುಗಿಸದೆ ನನ್ನನ್ನು ಕೇಳಿದರು.

"ನೀನು ಹೇಳಮ್ಮ."

ಹೇಳಿದೆ. ಮೂಳೆ ಥಿಯೇಟರಿನಿಂದ ಬಂದ ಬದಲಿ ಡಾಕ್ಟರಿಗೆ ಯಾರೂ ಹೇಳದ್ದು, ಕೆಂಪಕ್ಷರದ ಬೋರ್ಡಿಗೆ ಗಾಡಿ ಅಡ್ಡ ನಿಂತದ್ದು, ಕೊಡಬಾರದ ಔಷಧಿ ಕೊಟ್ಟದ್ದು, ಹದಿಮೂರು ನಿಮಿಷ ಯಂತ್ರ ಕಿವುಡಾಗಿದ್ದು, ಅದು ತಿಳಿಯದೆ ನಾನು ಎರಡು ಸಲ ಇಲ್ಲ ಅಂದದ್ದು, ಮೂರನೆಯ ಸಲ ಗೊತ್ತಿಲ್ಲ ಅಂದದ್ದು. ಕಿರಿಯ ಡಾಕ್ಟರುಗಳು ನೆಲ ನೋಡಿದರು. ತಂಗಿ ಮಂಚದ ಕಂಬಿ ಹಿಡಿದುಕೊಂಡಳು. ಆಕೆ ಈಗ ದೊಡ್ಡ ಡಾಕ್ಟರ ಕಡೆ ತಿರುಗಿದರು.

"ಆ ಹದಿಮೂರು ನಿಮಿಷ ನನ್ನ ಮುಖ ಯಾರ ಕೈಲಿತ್ತು ಡಾಕ್ಟ್ರೇ?"

ಅವರು ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ನಾನು ಅದನ್ನೇ ಕಾಯುತ್ತಿದ್ದೆ, ಬಾಯಿ ಹಾಕಲು ಸಿದ್ಧಳಾಗಿದ್ದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಯಾರ ಕೈಲೂ ಇರಲಿಲ್ಲಮ್ಮ," ಎಂದರು.

ಹೇಳಿ, ನನ್ನ ಕಡೆ ಕೈ ಚಾಚಿ ವರದಿ ಈಸಿಕೊಂಡು, ಮಂಚದ ಮೇಜಿನ ಮೇಲಿಟ್ಟು ಸಹಿ ಹಾಕಿದರು. ಒಂದಕ್ಷರ ಓದಲಿಲ್ಲ, ತಿದ್ದಲಿಲ್ಲ.

ಆಗ ಆಕೆ ಎದ್ದು ಕೂತರು. ಶುರುವಾಯಿತು ನೋಡಿ. ನನ್ನ ತಲೆ ಏನು ಸಂತೆ ಮಾಳ ಅಂದ್ಕೊಂಡ್ರಾ, ಬಂದೋರು ಬಂದ ಹಾಗೆ, ಹೋದೋರು ಹೋದ ಹಾಗೆ ಎಂದು ಶುರುಮಾಡಿದವರು ಉಸಿರು ತೆಗೆದುಕೊಳ್ಳಲಿಲ್ಲ. ಒಂದು ಗಾಡಿ ಟೊಮೇಟೊ ಇನ್ನೊಬ್ಬನಿಗೆ ಒಪ್ಪಿಸುವಾಗ ನಾವು ಮೂರು ಸಲ ಕೂಗಿ ಹೇಳ್ತೀವಿ, ನೀವು ಒಂದು ಜೀವವನ್ನು ಒಪ್ಪಿಸುವಾಗ ಹೇಳಬೇಕಾದ್ದನ್ನು ಹೇಳೋದಿಲ್ಲವಾ ಎಂದರು. ದೊಡ್ಡ ಡಾಕ್ಟರಿಗೆ ಆಯಿತು, ಅಲ್ಲಿಲ್ಲದ ಮೂಳೆ ಥಿಯೇಟರಿನ ಡಾಕ್ಟರಿಗೆ ಆಯಿತು, ಬೋರ್ಡಿನ ಮುಂದೆ ಗಾಡಿ ನಿಲ್ಲಿಸಿದವರ ಏಳು ತಲೆಮಾರಿಗೆ ಆಯಿತು. ಆಮೇಲೆ ನನ್ನ ಕಡೆ ತಿರುಗಿದರು. ಕಾಯ್ತೀನಿ ಅಂದೋಳು ಎರಡು ಸಲ ಹೆಂಗಮ್ಮ ನಿದ್ದೆ ಹೋದೆ ಎಂದು ಕೇಳಿದರು. ಪಕ್ಕದ ವಾರ್ಡಿನಿಂದ ನರ್ಸುಗಳು ಓಡಿ ಬಂದರು. ಸಮಾಧಾನ ಮಾಡಲು ಹೋದ ಕಿರಿಯ ಡಾಕ್ಟರನ್ನು ದೊಡ್ಡ ಡಾಕ್ಟರೇ ತೋಳು ಹಿಡಿದು ತಡೆದರು.

ಎರಡೂ ಕೈ ಬೀಸಿ ಬೈಯುತ್ತಿದ್ದರು. ಕೈ ಕೆನ್ನೆಯಿಂದ ಯಾವಾಗಲೋ ಬಿಟ್ಟುಹೋಗಿತ್ತು, ಅದು ಅವರಿಗೇ ಗೊತ್ತಿರಲಿಲ್ಲ. ನನಗೆ ಬಂದ ಬೈಗುಳಕ್ಕೆ ನಾನು ತಲೆ ತಗ್ಗಿಸಬೇಕಿತ್ತು, ತಗ್ಗಿಸಲು ಆಗಲಿಲ್ಲ. ನಾನೂ ದೊಡ್ಡ ಡಾಕ್ಟರೂ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದೆವು. ಎಡಗಡೆಯ ತುಟಿ ಬಲಗಡೆಯ ತುಟಿಯ ಜೊತೆಗೇ ಏಳುತ್ತಿತ್ತು.